ಮೇಡನ್ ಕ್ಯಾಸಲ್, ಅಫಿಂಗ್ಟನ್: ಒಂದೇ ದಿನವಿದ್ದರೆ ಯಾವ ಗುಡ್ಡ?

ಲಂಡನ್‌ನಿಂದ ಒಂದು ದಿನದ ಮಟ್ಟಿಗೆ ಹೋಗಿಬರಲು ದಕ್ಷಿಣ ಇಂಗ್ಲೆಂಡಿನ ಈ ಎರಡು ಗುಡ್ಡದ ಕೋಟೆಗಳಲ್ಲಿ ಯಾವುದೆಂದು ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ: ಕಲ್ಲಿನ ಬುರುಜು, ಹೆಬ್ಬಾಗಿಲು ಎರಡರಲ್ಲೂ ಇಲ್ಲ. ಕಬ್ಬಿಣಯುಗದವರು ತೋಡಿದ ಕಂದಕ, ಎಬ್ಬಿಸಿದ ಮಣ್ಣಿನ ದಿಬ್ಬ, ಮೇಲೆ ಹುಲ್ಲು, ಕುರಿ. ಅಷ್ಟೇ.

ಕೋಟೆಯೇ ಮುಖ್ಯವಾದರೆ ಡಾರ್ಸೆಟ್‌ನ ಮೇಡನ್ ಕ್ಯಾಸಲ್. ಸುಮಾರು 19 ಹೆಕ್ಟೇರ್ ವಿಸ್ತಾರ, ಒಂದರ ಹಿಂದೊಂದು ದಿಬ್ಬ. ಪಶ್ಚಿಮದ ಬಾಗಿಲಲ್ಲಿ ದಾರಿ ಹಾವಿನಂತೆ ಹೊರಳುತ್ತದೆ. ಕಂದಕದ ತಳಕ್ಕಿಳಿದರೆ ಎರಡು ಹಸಿರು ಗೋಡೆಗಳ ನಡುವೆ ಆಕಾಶದ ಪಟ್ಟಿಯೊಂದೇ ಕಾಣುತ್ತದೆ.

ಅಫಿಂಗ್ಟನ್‌ನ ಕೋಟೆ ಇದರ ಮುಂದೆ ಸಪ್ಪೆ. ಆದರೆ ಅಲ್ಲಿಗೆ ಹೋಗುವುದು ಪಕ್ಕದ ಇಳಿಜಾರಿನ ಬಿಳಿ ಕುದುರೆಯ ಚಿತ್ರಕ್ಕಾಗಿ: ಸುಮಾರು 3,000 ವರ್ಷ ಹಳೆಯದು, 110 ಮೀಟರ್ ಉದ್ದ, ಹುಲ್ಲು ಕೆತ್ತಿ ಸೀಮೆಸುಣ್ಣದ ಕಲ್ಲು ತುಂಬಿ ಬರೆದದ್ದು. ಹತ್ತಿರ ನಿಂತರೆ ಬಾಗಿದ ಬಿಳಿ ಗೆರೆಗಳಷ್ಟೇ. ಕುದುರೆಯ ಆಕಾರ ಕಾಣಬೇಕಾದರೆ ದೂರದ ಕಣಿವೆಯಿಂದ ನೋಡಬೇಕು. ನಡೆಯುವವರಿಗೂ ಇದೇ ಮೇಲು. ರಿಜ್‌ವೇ ಹಾದಿಯಲ್ಲಿ ಸುಮಾರು 2 ಕಿ.ಮೀ. ಹೋದರೆ ನವಶಿಲಾಯುಗದ ಸಮಾಧಿ ವೇಲ್ಯಾಂಡ್ಸ್ ಸ್ಮಿಥಿ ಸಿಗುತ್ತದೆ.

ಖರ್ಚಿನ ಚಿಂತೆ ಬೇಡ, ಎರಡಕ್ಕೂ ಪ್ರವೇಶ ಉಚಿತ. ಅಫಿಂಗ್ಟನ್‌ನಲ್ಲಿ ಪಾರ್ಕಿಂಗ್‌ಗೆ ಹಣ ಕೊಡಬೇಕಾಗಬಹುದು. ಕಾರಿಲ್ಲದಿದ್ದರೆ ಮೇಡನ್ ಕ್ಯಾಸಲ್ ಸಲೀಸು: ಡಾರ್ಚೆಸ್ಟರ್ ನಿಲ್ದಾಣದಿಂದ ಸುಮಾರು 3 ಕಿ.ಮೀ. ನಡಿಗೆ. ಅಫಿಂಗ್ಟನ್‌ಗೆ ರೈಲೇ ಇಲ್ಲ.

ಕೋಟೆಯ ಜೊತೆಗೆ ಸಮುದ್ರವೂ ಬೇಕೆಂದರೆ ಎರಡನ್ನೂ ಬಿಟ್ಟು ಕರಾವಳಿಯ ಊರು ವರ್ದಿಂಗ್ ಬಳಿಯ ಸಿಸ್‌ಬರಿ ರಿಂಗ್ ಎಂಬ ಕೋಟೆಗುಡ್ಡ ಹತ್ತಿ. ಎಲ್ಲಿಗೆ ಹೋದರೂ ಹಿಡಿತವಿರುವ ಬೂಟು ಹಾಕಿಕೊಳ್ಳಿ. ಮಳೆಗೆ ನೆನೆದ ಸುಣ್ಣದ ನೆಲ ಸಾಬೂನಿನಂತೆ ಜಾರುತ್ತದೆ.