ಕಾಂಡ್ಲಾ, ಸಿಂಪಿ, ಕಡಲಪಾಚಿ: ನಿಮ್ಮ ದಡಕ್ಕೆ ಯಾವುದು?

ಕಡಲಿಗೂ ಒಳ್ಳೇದಾಗಬೇಕು, ಕೈಗೂ ನಾಲ್ಕು ಕಾಸು ಸಿಗಬೇಕು, ಕಾಂಡ್ಲಾ (ಉಪ್ಪುನೀರಿನ ದಡದಲ್ಲಿ ಬೆಳೆಯುವ ಮರ), ಸಿಂಪಿ, ಕಡಲಪಾಚಿ, ಇವುಗಳಲ್ಲಿ ಯಾವುದು ಆರಿಸಲಿ ಅಂತ ಕೇಳಿದ್ದೀರಿ. ಮೊದಲು ನಿಮ್ಮ ನೀರು ನೋಡಿ.

ಬೇಗ ಆದಾಯ ಬೇಕಾದರೆ ಕಡಲಪಾಚಿ. ಕಪ್ಪಾಫೈಕಸ್ ಎಂಬ ಕಡಲಪಾಚಿ ಸುಮಾರು 45 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹಗ್ಗ, ತೆಪ್ಪ ಇದ್ದರೆ ಶುರು ಮಾಡಬಹುದು. ಆದರೆ ಒಂದು ಬಿರುಗಾಳಿ ಬಂದರೆ ಎಲ್ಲ ಕಿತ್ತು ಹೋದೀತು. ಇದು ಹೊರಗಿನ ತಳಿ, ಹವಳದ ಮೇಲೆ ಹಬ್ಬಬಹುದು, ಹವಳ ಇರುವಲ್ಲಿ ಬೇಡವೇ ಬೇಡ.

ಸಿಂಪಿಗೆ ಮೇವಿನ ಖರ್ಚಿಲ್ಲ. ಒಳ್ಳೆಯ ನೀರಲ್ಲಿ ದೊಡ್ಡದೊಂದು ಸಿಂಪಿ ದಿನಕ್ಕೆ 100 ಲೀಟರಿಗೂ ಜಾಸ್ತಿ ಸೋಸಬಲ್ಲದು. ಸೋಸಿದ ಕೊಳಕು ಅದರ ಹೊಟ್ಟೆಗೇ ಹೋಗುತ್ತೆ, ಅಲ್ವಾ? ಚರಂಡಿ ಸೇರುವ ಕಡೆ ಬೆಳೆದದ್ದನ್ನು ಮಾರುವಂತಿಲ್ಲ.

ಕಾಂಡ್ಲಾದಿಂದ ದುಡ್ಡು ನಿಧಾನ, ಬಾಳಿಕೆ ಜಾಸ್ತಿ. ಅಲೆಯ ಹೊಡೆತ ತಗ್ಗಿಸುತ್ತದೆ, ಮೀನುಮರಿಗಳಿಗೆ ಆಸರೆ ಕೊಡುತ್ತದೆ. ಸುಮ್ನೆ ಸಾಲಾಗಿ ನೆಟ್ಟು ಫೋಟೋ ತೆಗೆದರೆ ಆಗದು. ಸದಾ ನೀರು ನಿಲ್ಲುವ ಕೆಸರಲ್ಲಿ ಬೇರಿಗೆ ಗಾಳಿ ಸಿಗದೆ ಸಸಿ ಸಾಯುತ್ತದೆ. ಪಾಳುಬಿದ್ದ ಸಿಗಡಿ ಹೊಂಡ ಇದೆಯಾ? ಏರಿ ಒಡೆದು ಉಬ್ಬರದ ನೀರು ಬಿಡಿ. ಹತ್ತಿರದಲ್ಲಿ ತಾಯಿಮರಗಳಿದ್ದರೆ ಬೀಜ ತಾನಾಗಿ ತೇಲಿ ಬರುತ್ತದೆ, ನೆಡುವ ಖರ್ಚೂ ಉಳಿಯುತ್ತದೆ.

ದಡ ಕೊರೆಯುತ್ತಿದ್ದು, ನೀರೂ ಚೊಕ್ಕವಾಗಿದ್ದರೆ ಕಾಂಡ್ಲಾದ ಮುಂದೆ ಸಿಂಪಿ ಹಾಕಿ. ಎರಡೂ ಒಟ್ಟಿಗೆ ನಡೆಯುತ್ತವೆ.