ಗುಮ್ಮಟದೊಳಗಿನ ಗಣಿ: ಸಂಚಾರಿ ತಾರಾಲಯದ ಈ ಪ್ರದರ್ಶನವನ್ನು ಶಾಲೆಗೆ ಕರೆಸಬಹುದೇ?

ಬಾಹ್ಯಾಕಾಶ ಗಣಿಗಾರಿಕೆಯ ಈ ಪ್ರದರ್ಶನ ಶುರುವಾಗಿ 19ನೇ ನಿಮಿಷಕ್ಕೆ ಗುಮ್ಮಟದ ನೆತ್ತಿಯಲ್ಲಿ ದಪ್ಪ ಅಕ್ಷರದ ಶೀರ್ಷಿಕೆಯೊಂದು ಮೂಡುತ್ತದೆ: ‘ಮಾನವ ವೆಚ್ಚ’. ಕನ್ನಡ ಬಲ್ಲ ಯಾವ ಮಗುವಾದರೂ ಇದನ್ನು ಸಂಬಳ, ಊಟ, ಬಸ್ಸು ಚಾರ್ಜು ಎಂದೇ ಓದುತ್ತದೆ. ಹೇಳಬೇಕಾಗಿದ್ದದ್ದು ಮನುಷ್ಯರು ತೆತ್ತ ಬೆಲೆ. ಬಂದದ್ದು ಲೆಕ್ಕಪುಸ್ತಕದ ಒಂದು ಬಾಬ್ತು. ಅನುವಾದದ ತಪ್ಪು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಅಲ್ಲಿಂದ ಮುಂದಿನ ಹನ್ನೊಂದು ನಿಮಿಷವೂ ಜನರನ್ನು ಇಂಧನ, ಆಮ್ಲಜನಕ, ಬಿಡಿಭಾಗಗಳ ಸಾಲಿನಲ್ಲೇ ನಿಲ್ಲಿಸಿ ತೋರಿಸುವುದರಿಂದ, ತಪ್ಪು ಶೀರ್ಷಿಕೆ ಸರಿಯಾಗಿಯೇ ಕೂತಿದೆ ಎನ್ನಬೇಕು.

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮ ಶಾಲೆಗಳು ಕರೆಸಬಹುದಾದ ಉಬ್ಬು ಗುಮ್ಮಟದ ತಾರಾಲಯ ಇದು. ಮಗುವಿಗೆ 70 ರೂಪಾಯಿ, ಕನಿಷ್ಠ 120 ಮಕ್ಕಳು, ಒಂದು ಸಲಕ್ಕೆ 30 ಜನ. ಚಿತ್ರ 38 ನಿಮಿಷದ್ದು. ಒಳಗೆ ಕೂರಿಸಿ ಹೊರಗೆ ಕಳಿಸುವ ಹೊತ್ತು ಸೇರಿದರೆ ಒಂದು ಗಂಟೆ. ಗ್ರಹಣ, ನಕ್ಷತ್ರಪುಂಜಗಳ ಹಳೆಯ ಚಿತ್ರಗಳೂ ಅವರಲ್ಲಿವೆ, ಅವು ಚೆನ್ನಾಗಿಯೇ ಇವೆ. ಇಲ್ಲಿ ನೋಡುತ್ತಿರುವುದು ಹೊಸದಾಗಿ ಸೇರಿಸಿದ ಬಾಹ್ಯಾಕಾಶ ಗಣಿಗಾರಿಕೆಯ ಚಿತ್ರವನ್ನು ಮಾತ್ರ. ಹಲವು ದೇಶಗಳು ಕೂಡಿ ಎಂಟು ಮಂದಿಯನ್ನು 14 ತಿಂಗಳ ಯಾನಕ್ಕೆ ಒಂದು ಕ್ಷುದ್ರಗ್ರಹಕ್ಕೆ ಕಳಿಸುತ್ತವೆ. ನೀರು, ಪ್ಲಾಟಿನಂ ತರುವುದು ಗುರಿ. ಮರಳಿ ಬರುವವರು ಆರು ಜನ. ಕಥೆ ಕಲ್ಪಿತ, ವಿಜ್ಞಾನ ಮಾತ್ರ ನಿಜ ಎಂದು ಮೊದಲಲ್ಲೇ ಹೇಳುತ್ತಾರೆ. ಹಾಗಾದರೆ ವಿಜ್ಞಾನವನ್ನು ಪರೀಕ್ಷಿಸಲೇಬೇಕು.

ಮೊದಲು ಜಾಗದ ಮಾತು. ಗುಮ್ಮಟದ ವ್ಯಾಸ 5 ಮೀಟರ್, ಎತ್ತರ 3 ಮೀಟರಿಗೆ ತುಸು ಮೇಲೆ. ಸುತ್ತ ಒಂದೊಂದು ಮೀಟರ್ ಬಿಟ್ಟು 7 ಮೀಟರ್ ಚೌಕದ ನೆಲ ಬೇಕು. ನಮ್ಮ ಕಡೆಯ ಹಂಚಿನ ಮಾಡಿನ ಹಳೆಯ ಶಾಲೆಗಳಲ್ಲಿ ನೆಲ ಸಿಗುತ್ತದೆ, ಎತ್ತರ ಸಿಗುವುದಿಲ್ಲ. ಮಾಡಿನ ನೆತ್ತಿ ನೋಡಿ ಸಾಕಷ್ಟಿದೆ ಎಂದುಕೊಂಡರೆ ಅಡ್ಡತೊಲೆ ಗುಮ್ಮಟದ ತಲೆಗೆ ತಾಗುತ್ತದೆ. ಬಟ್ಟೆ ತೊಲೆಗೆ ಒತ್ತಿದ ಕಡೆ ಚಿತ್ರ ಸೊಟ್ಟಗಾಗುತ್ತದೆ, ತೊಲೆಯಲ್ಲಿ ಮೊಳೆಯಿದ್ದರೆ ಬಟ್ಟೆ ಹರಿಯುತ್ತದೆ. ಟೇಪು ಹಿಡಿದು ತೊಲೆಯ ಅಡಿಯಿಂದ ನೆಲಕ್ಕೆ ಅಳೆದು ಹೇಳುವುದು ಒಳ್ಳೆಯದು.

ಕರೆಂಟಿನ ಏರ್ಪಾಡು ಇನ್ನೂ ಮುಖ್ಯ. ಗುಮ್ಮಟ ನಿಂತಿರುವುದು ಗಾಳಿಯಂತ್ರದಿಂದ. ಅದು ನಿಂತರೆ ಎರಡು-ಮೂರು ನಿಮಿಷದಲ್ಲಿ ಬಟ್ಟೆ ಮಕ್ಕಳ ತಲೆಯ ಮೇಲೆ ಇಳಿಯುತ್ತದೆ. ಭಾರವೇನಿಲ್ಲ, ಆದರೆ ಕತ್ತಲು, ಸೆಕೆ, 30 ಮಕ್ಕಳ ಗಲಾಟೆ. ಈ ತಂಡ ಯುಪಿಎಸ್ ಇಟ್ಟಿರುವುದು ಪ್ರೊಜೆಕ್ಟರಿಗೆ, ಗಾಳಿಯಂತ್ರಕ್ಕಲ್ಲ. ಕರೆಂಟು ಹೋದರೆ ಯಂತ್ರ ಸುರಕ್ಷಿತ, ಜನ ಬಟ್ಟೆಯಡಿ. ಪ್ರದರ್ಶನದ ಕಥೆಗೆ ಇದಕ್ಕಿಂತ ಒಪ್ಪುವ ಏರ್ಪಾಡು ಬೇರೆ ಬೇಡ. ಶಾಲೆಯ ಇನ್ವರ್ಟರಿನಿಂದ ಗಾಳಿಯಂತ್ರಕ್ಕೆ ಬೇರೆಯೇ ತಂತಿ ಎಳೆಸಿ. ಅದಾಗದಿದ್ದರೆ ಬಾಗಿಲ ಬಳಿ ಟಾರ್ಚು ಹಿಡಿದ ಇಬ್ಬರು ದೊಡ್ಡವರು ನಿಂತಿರಲಿ.

ಹವಾನಿಯಂತ್ರಿತ ಗಾಡಿಯಿಂದ ಇಳಿಸಿದ ಪ್ರೊಜೆಕ್ಟರಿನ ಮೀನುಗಣ್ಣಿನ ಮಸೂರವನ್ನು ನಮ್ಮ ಕರಾವಳಿಯ ಹಸಿ ಗಾಳಿಗೆ ಹಿಡಿದರೆ ಮಂಜು ಕಟ್ಟದೆ ಇರುತ್ತದೆಯೇ? ಒರೆಸಿದರೆ ಮತ್ತೆ ಕಟ್ಟುತ್ತದೆ. ಇಪ್ಪತ್ತು ನಿಮಿಷ ಹಾಗೇ ಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಸಲೇಬೇಡಿ. ಒದ್ದೆಯಲ್ಲೇ ಮಡಚಿಟ್ಟ ಬಟ್ಟೆಯ ಬೂಸಲು ವಾಸನೆ ಉಬ್ಬಸದ ಮಕ್ಕಳಿಗೆ ಆಗುವುದಿಲ್ಲ.

ಇನ್ನು ಚಿತ್ರದ ಒಳಕ್ಕೆ. ಮೊದಲ 18 ನಿಮಿಷ ನೋಡಲು ಗಮ್ಮತ್ತು. ಉಡಾವಣೆ, ಭೂಮಿ ಚಿಕ್ಕದಾಗುವುದು, ಕ್ಷುದ್ರಗ್ರಹ ನಿಧಾನಕ್ಕೆ ತಿರುಗುತ್ತ ನೆತ್ತಿಯ ಮೇಲೆ ಬರುವುದು ಎಲ್ಲ ಸೊಗಸಾಗಿದೆ. ಗಗನಯಾತ್ರಿಯೊಬ್ಬ ಬಂಡೆಯ ಮೇಲೆ ಕಾಲೂರಿ ನಿಂತು ಪಿಕ್ಕಾಸು ಬೀಸಿದಾಗ ಚಿತ್ರ ಮುಗ್ಗರಿಸುತ್ತದೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಕುಡಿದು ಬೆಳೆದ ಕಾಸರಗೋಡಿನ ಮಕ್ಕಳಿಗೆ ಇದನ್ನು ತೋರಿಸುವಾಗ ಎಚ್ಚರ ಬೇಕಿತ್ತು. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲದ ಸುರಂಗದಲ್ಲಿ ಮುರಕಲ್ಲನ್ನು ಕೆತ್ತುವವನಿಗೆ ಅವನ ಮೈಭಾರವೇ ಅರ್ಧ ಬಲ. ಕ್ಷುದ್ರಗ್ರಹದಲ್ಲಿ ಆ ಭಾರವೇ ಇಲ್ಲ. ಬೆನ್ನೂ ಎಂಬ, ಸುಮಾರು ಅರ್ಧ ಕಿಲೋಮೀಟರ್ ಅಗಲದ ಕಾಯದ ಮೇಲೆ ಸೆಕೆಂಡಿಗೆ 20 ಸೆಂಟಿಮೀಟರಿನ ಆಸುಪಾಸು ವೇಗ ಸಿಕ್ಕರೆ ಸಾಕು, ಮತ್ತೆ ವಾಪಸು ಬೀಳುವುದಿಲ್ಲ. ಪಿಕ್ಕಾಸಿನ ಮೊದಲ ಏಟಿಗೇ ಆಳು ಹಾರಿಹೋಗುತ್ತಾನೆ. 2014ರ ನವೆಂಬರಿನಲ್ಲಿ ಫಿಲೇ ನೌಕೆ ಧೂಮಕೇತುವಿನ ಮೇಲೆ ಇಳಿದಾಗ ನೆಲಕ್ಕೆ ನಾಟಿ ಅದನ್ನು ಹಿಡಿದಿಡಬೇಕಿದ್ದ ಈಟಿಗಳು ಚಿಮ್ಮಲಿಲ್ಲ. ನೌಕೆ ಎರಡು ಸಲ ಪುಟಿದು, ಕೊನೆಗೆ ಬಂಡೆಯ ನೆರಳಲ್ಲಿ ಹೋಗಿ ಬಿತ್ತು. ಗೂಟ ಹೊಡೆದು ನಿಲ್ಲೋಣ ಎಂದರೆ ನೆಲ ಗಟ್ಟಿಯಿರಬೇಕು. 2020ರಲ್ಲಿ ನಾಸಾದ ಒಸಿರಿಸ್-ರೆಕ್ಸ್ ನೌಕೆ ಬೆನ್ನೂವನ್ನು ಮುಟ್ಟಿದಾಗ ಅದರ ಕೈ ಅರ್ಧ ಮೀಟರಿನಷ್ಟು ಒಳಗೆ ಹೂತುಹೋಯಿತು. ನೆಲ ಎಂದುಕೊಂಡದ್ದು ಸಡಿಲ ಜಲ್ಲಿಯ ರಾಶಿ. ಚಿತ್ರದಲ್ಲಿ ಸಾಯುವ ಇಬ್ಬರು ಬಂಡೆ ಕುಸಿದು ಸಾಯುತ್ತಾರೆ. ಅಂಥ ಕಡೆ ಬಂಡೆ ‘ಬೀಳುವುದು’ ಕಡಿಮೆ, ತೇಲಿ ಬಂದು ಜಜ್ಜುವುದು ಹೆಚ್ಚು. ತೂಕ ಇಲ್ಲದಿದ್ದರೂ ದ್ರವ್ಯರಾಶಿ ಎಲ್ಲಿಗೂ ಹೋಗಿರುವುದಿಲ್ಲ. ಹೈಸ್ಕೂಲಿನ ಭೌತಶಾಸ್ತ್ರಕ್ಕೆ ಇಷ್ಟು ಒಳ್ಳೆಯ ಪಾಠವನ್ನು ಕೈಬಿಟ್ಟಿದ್ದಾರೆ.

23ನೇ ನಿಮಿಷದ ದೃಶ್ಯ ಇನ್ನೂ ತೊಂದರೆಯದು. ಗಾಯಗೊಂಡವನಿಗೆ ಭೂಮಿಯಿಂದ ವೈದ್ಯೆಯೊಬ್ಬರು ‘ಇಲ್ಲಿ ಒತ್ತಿ, ಈಗ ಬಿಡಿ’ ಎಂದು ನೇರವಾಗಿ ಹೇಳಿಕೊಡುತ್ತಾರೆ. ನೌಕೆ 3 ಕೋಟಿ ಕಿಲೋಮೀಟರ್ ದೂರದಲ್ಲಿದೆ ಎಂದು ಚಿತ್ರವೇ ಹೇಳಿದೆ. ಬೆಳಕಿಗೆ ಅಷ್ಟು ದೂರ ಹೋಗಲು 100 ಸೆಕೆಂಡು ಬೇಕು. ‘ರಕ್ತ ನಿಲ್ಲುತ್ತಿಲ್ಲ’ ಎಂದು ಕೂಗಿದರೆ ಉತ್ತರ ಬರುವುದು 3 ನಿಮಿಷ 20 ಸೆಕೆಂಡಿನ ಮೇಲೆ. ಬೇಕಾದರೆ ತರಗತಿಯಲ್ಲಿ ಗಡಿಯಾರ ಹಿಡಿದು ಅಷ್ಟು ಹೊತ್ತು ಸುಮ್ಮನೆ ಕೂರಿಸಿ ನೋಡಿ.

ವಿಕಿರಣದ ಬಗ್ಗೆ ಒಂದೇ ವಾಕ್ಯ: ‘ಗಗನಯಾತ್ರಿಗಳು ವಿಶೇಷ ಕವಚ ಧರಿಸಿದ್ದಾರೆ.’ ತೊಡುವ ಯಾವ ಕವಚವೂ ಗ್ಯಾಲಕ್ಸಿಯ ಕಾಸ್ಮಿಕ್ ಕಿರಣಗಳನ್ನು ತಡೆಯುವುದಿಲ್ಲ. ಕ್ಯೂರಿಯಾಸಿಟಿ ರೋವರು ಮಂಗಳಕ್ಕೆ ಹೋಗುವ ದಾರಿಯಲ್ಲಿ ಅಳೆದದ್ದು ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ). ನಮ್ಮ ದೇಶದಲ್ಲಿ ಎಕ್ಸ್-ರೇ, ಅಣುಸ್ಥಾವರಗಳಲ್ಲಿ ದುಡಿಯುವವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ಹನ್ನೊಂದೇ ದಿನಕ್ಕೆ ಒಂದು ವರ್ಷದ ಪಾಲು ಮುಗಿಯಿತು. ಚಿತ್ರದ 14 ತಿಂಗಳಿಗೆ, ಅಂದರೆ 425 ದಿನಕ್ಕೆ ಲೆಕ್ಕ ಹಾಕಿದರೆ 765. ನಾಸಾ ತನ್ನ ಯಾತ್ರಿಗಳ ಇಡೀ ವೃತ್ತಿಜೀವನಕ್ಕೆ ಇಟ್ಟಿರುವ ಮಿತಿ 600. ಹಾಗಾಗಿ ‘ಸುರಕ್ಷಿತವಾಗಿ ಮರಳಿದರು’ ಎನ್ನುವ ಆರು ಮಂದಿಯೂ ಮಿತಿ ಮೀರಿದ ವಿಕಿರಣವನ್ನು ಮೈಯಲ್ಲಿ ಹೊತ್ತೇ ಬಂದಿದ್ದಾರೆ. ಮೂಳೆಯ ಲೆಕ್ಕ ಬೇರೆ: ಸಾಕಷ್ಟು ವ್ಯಾಯಾಮ ಇಲ್ಲದಿದ್ದರೆ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ 1ರಿಂದ 1.5 ಶೇಕಡಾ ಇಳಿಯುತ್ತದೆ.

ಚಿತ್ರ ಗೆದ್ದಿರುವುದು ಕೈಗಳಲ್ಲಿ. 26ನೇ ನಿಮಿಷಕ್ಕೆ ಒಬ್ಬಾಕೆ ಗ್ಲೌಸು ಕಳಚುತ್ತಾಳೆ. ಎರಡು ಉಗುರು ಬುಡದಿಂದ ಎದ್ದಿವೆ. ಮಾತಿಲ್ಲ, ಸಂಗೀತವಿಲ್ಲ, ಗುಮ್ಮಟದ ತುಂಬ ಆ ಒಂದು ಕೈ. ಇದು ಉತ್ಪ್ರೇಕ್ಷೆಯಲ್ಲ. ಒಳಗಿನ ಒತ್ತಡಕ್ಕೆ ಗ್ಲೌಸು ಗಾಳಿ ತುಂಬಿದ ಟ್ಯೂಬಿನಂತೆ ಬಿಗಿಯಾಗಿರುತ್ತದೆ, ಪ್ರತಿ ಸಲ ಬೆರಳು ಮಡಚುವಾಗಲೂ ಆ ಒತ್ತಡದ ವಿರುದ್ಧ ಮಡಚಬೇಕು. ಆರು ತಾಸು ಹೊರಗೆ ದುಡಿದ ಯಾತ್ರಿಗಳಲ್ಲಿ ಉಗುರು ಏಳುವುದು ಗೊತ್ತಿರುವ ತೊಂದರೆಯೇ. ಪ್ರದರ್ಶನದ ಮೇಲೆ ಮಕ್ಕಳಿಗೆ ಎರಡು ಜೊತೆ ದಪ್ಪ ರಬ್ಬರ್ ಗ್ಲೌಸು ತೊಡಿಸಿ, 8 ಎಂಎಂ ನಟ್ಟನ್ನು ಬೋಲ್ಟಿಗೆ ಹತ್ತು ಸಲ ಹಾಕಿ ತೆಗೆಯಲು ಹೇಳಿ. ಐದನೆಯದಕ್ಕೇ ಗೊಣಗಾಟ ಶುರುವಾಗುತ್ತದೆ.

ದೂಳಿನ ದೃಶ್ಯವನ್ನೂ ಹೀಗೆ ಕೈಯಿಂದಲೇ ಸರಿಪಡಿಸಬಹುದು. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಅವರಿಗೆ ಚಂದ್ರನ ದೂಳಿನಿಂದ ಮೂಗು ಕಟ್ಟಿತ್ತು, ಗಂಟಲು ಕೆರೆದಿತ್ತು. ಅಲ್ಲಿ ನೀರಿಲ್ಲ, ಗಾಳಿಯಿಲ್ಲ. ಉಲ್ಕೆ ಬಡಿದು ಒಡೆದ ಚೂರಿನ ಅಂಚು ಸವೆಯುವುದೇ ಇಲ್ಲ. ಚಿತ್ರದಲ್ಲಾದರೋ ಯಾತ್ರಿಗಳು ಉಡುಪನ್ನು ಕೈಯಲ್ಲಿ ತಟ್ಟಿ ಒಳಗೆ ಬರುತ್ತಾರೆ. ಉಪ್ಪಳದ ಕಡಲ ಮರಳು ಒಂದು ಚಮಚ, ಕ್ರಶರಿನ ಎಂ-ಸ್ಯಾಂಡ್ ಒಂದು ಚಮಚ ತನ್ನಿ. ಎರಡನ್ನೂ ಬೇರೆ ಬೇರೆ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ, 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ತೋರಿಸಿ. ಒಂದರ ಕಾಳು ಉರುಟು, ಇನ್ನೊಂದರದು ಮೂಲೆ ಮೂಲೆ. ಎರಡನೆಯದು ಎದೆಯೊಳಗೆ ಹೋದರೆ ಏನಾದೀತು ಎಂಬುದನ್ನು ಕಲ್ಲುಕೋರೆಯ ಊರಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯಲ್ಲಿ ಸತ್ತ ಇಬ್ಬರ ಕುಟುಂಬಗಳಿಗೆ ‘ಅಂತಾರಾಷ್ಟ್ರೀಯ ಕಾನೂನಿನಂತೆ’ ಪರಿಹಾರ ಸಿಕ್ಕಿತು ಎಂದು ನಿರೂಪಕ ಹೇಳಿ ಮುಂದೆ ಹೋಗುತ್ತಾನೆ. ಇದು ಚಿತ್ರದ ಅತಿ ದೊಡ್ಡ ತಪ್ಪು. 1972ರ ಬಾಹ್ಯಾಕಾಶ ಹೊಣೆಗಾರಿಕೆ ಒಪ್ಪಂದದ 7ನೇ ವಿಧಿ ಹೇಳುವುದು ನೇರ ಉಲ್ಟಾ: ಉಡಾಯಿಸಿದ ದೇಶದ ಸ್ವಂತ ಪ್ರಜೆಗಳಿಗೆ, ಆ ಯಾನದ ಕೆಲಸದಲ್ಲಿ ತೊಡಗಿರುವ ವಿದೇಶಿಯರಿಗೆ ಆದ ಹಾನಿ ಈ ಒಪ್ಪಂದದ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ನೌಕೆ ದಾರಿಹೋಕನ ಮನೆ ಮೇಲೆ ಬಿದ್ದರೆ ಒಪ್ಪಂದ ಉಂಟು, ನೌಕೆಯಲ್ಲಿ ದುಡಿದವನಿಗೆ ಇಲ್ಲ. ಅವನಿಗೆ ಉಳಿಯುವುದು ಅವನ ದೇಶದ ಕಾನೂನು, ಸಹಿ ಹಾಕಿದ ಕರಾರು, ವಿಮೆ. ಅದಿರು ಯಾರದು ಎಂಬುದಕ್ಕೆ ಅಮೆರಿಕ 2015ರಲ್ಲಿ, ಲಕ್ಸೆಂಬರ್ಗ್ 2017ರಲ್ಲಿ ಕಾನೂನು ಮಾಡಿವೆ.

ನೆಲದ ಮೇಲಿನವರಂತೂ ಚಿತ್ರದಲ್ಲಿ ಇಲ್ಲವೇ ಇಲ್ಲ. 2003ರ ಆಗಸ್ಟಿನಲ್ಲಿ ಬ್ರೆಜಿಲ್‌ನ ಅಲ್ಕಾಂತರ ಉಡಾವಣಾ ಕೇಂದ್ರದಲ್ಲಿ ರಾಕೆಟ್ ಹೊತ್ತಿಕೊಂಡಾಗ ಸತ್ತ 21 ಮಂದಿಯಲ್ಲಿ ಒಬ್ಬರೂ ಗಗನಯಾತ್ರಿಯಲ್ಲ. ನಮ್ಮದೇ ರಾಜ್ಯದ ತುಂಬಾದಲ್ಲಿ 1963ರ ಮೊದಲ ರಾಕೆಟ್ಟಿಗೆ ಜಾಗ ಬಿಟ್ಟವರು ಮೀನುಗಾರರು. ಅವರ ಇಗರ್ಜಿಯೇ ಕಚೇರಿಯಾಯಿತು. ಇನ್ನು ಕಾಸರಗೋಡಿನಲ್ಲಿ ಪರಿಹಾರ ‘ಸಿಕ್ಕಿತು’ ಎಂಬ ಕ್ರಿಯಾಪದವನ್ನು ಇಷ್ಟು ಸಲೀಸಾಗಿ ಬಳಸುವಂತಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದ ತನಕ. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ ರಾಜ್ಯಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ನಡುವಿನ ಹದಿನೇಳು ವರ್ಷ ಎಣಿಸಬಲ್ಲವರು ಆ ಗುಮ್ಮಟದೊಳಗೆ ಕೂತಿರುತ್ತಾರೆ.

ಇಷ್ಟೆಲ್ಲ ಕಷ್ಟಪಟ್ಟು ತರುವುದೆಷ್ಟು? ಚಿತ್ರದ ಲೆಕ್ಕದಲ್ಲಿ ಟನ್ನುಗಟ್ಟಲೆ. ನಿಜಕ್ಕೆ ಜಪಾನಿನ ಹಯಾಬುಸಾ-2 ನೌಕೆ ರ್ಯೂಗು ಕ್ಷುದ್ರಗ್ರಹದಿಂದ 2020ರಲ್ಲಿ ತಂದದ್ದು 5.4 ಗ್ರಾಂ, ಒಂದು ಚಹಾ ಚಮಚ ಸಕ್ಕರೆಯಷ್ಟು. ಒಸಿರಿಸ್-ರೆಕ್ಸ್ 2023ರಲ್ಲಿ ತಂದದ್ದು 121.6 ಗ್ರಾಂ. ಎರಡರಲ್ಲೂ ಮನುಷ್ಯರಿರಲಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ‘ಸಂಪನ್ಮೂಲ ಹೊರತೆಗೆಯುವಿಕೆ ಕಾರ್ಯಾಚರಣೆಯ ಪೂರ್ಣಗೊಳಿಸುವಿಕೆ’ ಎಂಬಂಥ ಸಾಲುಗಳಿವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಲ್ಲಿ, ತಾಳಮದ್ದಳೆಯ ಅರ್ಥ ಕೇಳಿ ಬೆಳೆದ ಕಿವಿಗಳಿಗೆ ಇದು ಶಿಕ್ಷೆ. ‘ಅದಿರು ತೆಗೆದು ಮುಗಿಯಿತು’ ಎಂದರೆ ಏನು ಕಡಿಮೆಯಾಗುತ್ತಿತ್ತೋ ಗೊತ್ತಿಲ್ಲ. ಸಮಾಧಾನದ ಸಂಗತಿ ಎಂದರೆ ಕೇಳಿದರೆ ಧ್ವನಿಯನ್ನು ನಿಲ್ಲಿಸಿ ಮೈಕು ಕೊಡುತ್ತಾರೆ. 19ರಿಂದ 30ನೇ ನಿಮಿಷದ ತನಕ ಶಾಲೆಯದೇ ವಿಜ್ಞಾನದ ಮಾಸ್ಟ್ರೋ ಟೀಚರೋ ಮಾತಾಡಲಿ. ಚಿತ್ರವನ್ನು ಒಮ್ಮೆ ಮೊದಲೇ ನೋಡಿಟ್ಟುಕೊಂಡು, ನಿಮಿಷಕ್ಕೆ 70-80 ಪದ ಮೀರದಂತೆ ಬರೆದುಕೊಂಡರೆ ಸಾಕು. 26ನೇ ನಿಮಿಷದ ಕೈ ಬಂದಾಗ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು.

ಹೀಗೆ ತಿದ್ದಿಕೊಂಡರೆ 8ನೇ ತರಗತಿಯ ಮೇಲಿನವರಿಗೆ 70 ರೂಪಾಯಿ ನಷ್ಟವಲ್ಲ. ಚಿಕ್ಕವರಿಗೆ ನಕ್ಷತ್ರಪುಂಜದ ಚಿತ್ರವೇ ಸಾಕು.

ಬುಕ್ ಮಾಡುವಾಗ ಕೇಳಲೇಬೇಕಾದ ಇನ್ನೊಂದು ಉಂಟು. ಈ ತಂಡದಲ್ಲಿ ಎರಡು ಗುಮ್ಮಟಗಳಿವೆ. ಒಂದಕ್ಕೆ ತೆವಳಿಕೊಂಡು ಹೋಗುವ ಬಟ್ಟೆಯ ಸುರಂಗ, ಇನ್ನೊಂದಕ್ಕೆ ಆಳೆತ್ತರದ ಜಿಪ್ ಬಾಗಿಲು. ಏನೂ ಹೇಳದಿದ್ದರೆ ತರುವುದು ಸುರಂಗದ್ದು. ಗಾಳಿ ಸೋರುವುದು ಅದರಲ್ಲಿ ಕಡಿಮೆ. ಗಾಲಿಕುರ್ಚಿ ಅದರಲ್ಲಿ ಹೋಗುವುದಿಲ್ಲ, ಹತ್ತಿರದ ಬಡ್ಸ್ ಶಾಲೆಯ (ವಿಶೇಷ ಅಗತ್ಯವುಳ್ಳವರ ಶಾಲೆ) ಮಕ್ಕಳನ್ನು ಕರೆದರೆ ಅವರು ಹೊರಗೇ ಉಳಿಯುತ್ತಾರೆ. ಜಿಪ್ಪಿನದನ್ನೇ ತನ್ನಿ ಎಂದು ಬರೆದು ಕಳಿಸಿ. ಬಾಗಿಲು ತೆರೆದಾಗ ಗುಮ್ಮಟ ಒಂದಡಿ ಕುಗ್ಗುತ್ತದೆ; ಗಾಳಿಯಂತ್ರವನ್ನು ಪೂರ್ತಿ ವೇಗಕ್ಕೆ ಇಟ್ಟು, ಕುರ್ಚಿಗಳನ್ನು ಮೊದಲು ಒಳಗೆ ತಂದು ಗೋಡೆಯ ಬದಿಗಲ್ಲ, ಪ್ರೊಜೆಕ್ಟರಿನ ಹತ್ತಿರ ನಿಲ್ಲಿಸಿದರೆ ಯಾರ ತಲೆಗೂ ಬಟ್ಟೆ ತಾಗುವುದಿಲ್ಲ.