ಸೀಸದ ಸೋಲ್ಡರ್ ತಂತಿಯೋ, ಸೀಸರಹಿತವೋ?

ಎಲೆಕ್ಟ್ರಾನಿಕ್ ಘಟಕಗಳನ್ನು ಲೋಹದ ತಂತಿ ಕರಗಿಸಿ ಬೆಸೆಯುವ ಸೋಲ್ಡರಿಂಗ್ ಕಲಿಯಲು ಯಾವ ತಂತಿ ಕೊಳ್ಳಬೇಕೆಂದು ಕೇಳುವವರು ಮೊದಲು ಅದು ಕರಗುವ ಉಷ್ಣತೆಯನ್ನು ನೋಡಬೇಕು. ಶೇ. 63 ತವರ, ಶೇ. 37 ಸೀಸವಿರುವ ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆಗೇ ಕರಗುತ್ತದೆ ಮತ್ತು ತಣಿದೊಡನೆ ಒಮ್ಮೆಗೇ ಗಟ್ಟಿಯಾಗುತ್ತದೆ. ತವರ, ಬೆಳ್ಳಿ, ತಾಮ್ರ ಬೆರೆತ ಸೀಸರಹಿತ ತಂತಿಗೆ ಸುಮಾರು 217ರಿಂದ 220 ಡಿಗ್ರಿ ಬೇಕಾಗುವುದರಿಂದ, ಉಷ್ಣತೆಯನ್ನು ನಿಯಂತ್ರಿಸಲಾಗದ ಸಣ್ಣ ಐರನ್‌ನಲ್ಲಿ (ತಂತಿಯನ್ನು ಕರಗಿಸುವ ಬಿಸಿ ಉಪಕರಣದಲ್ಲಿ) ಅದು ಕಲಿಯುವವರನ್ನು ಸತಾಯಿಸುತ್ತದೆ, ಐರನ್‌ನ ತುದಿಯಾದ ಬಿಟ್ ಕೂಡ ಬೇಗ ಸವೆಯುತ್ತದೆ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದುದು, ಬೆಸುಗೆಯನ್ನು ಕಣ್ಣಿನಿಂದ ಪರೀಕ್ಷಿಸುವ ಅಭ್ಯಾಸ. ಸೀಸದ ಸೋಲ್ಡರ್, ಸರ್ಕ್ಯೂಟ್ ಬೋರ್ಡಿನಲ್ಲಿರುವ ತಾಮ್ರದ ಪ್ಯಾಡ್‌ನ ಮೇಲೆ ಹರಡಿ, ಘಟಕದ ಲೋಹದ ಕಾಲಿನ ಸುತ್ತ ಒಳಬಾಗಿದ ಇಳಿಜಾರಿನಂತೆ ಹೊಳೆಯುತ್ತಾ ನಿಂತರೆ ಬೆಸುಗೆ ಸರಿಯಾಗಿದೆ. ಮಂಕಾಗಿ ತರಿತರಿಯಾಗಿದ್ದರೆ ತಣಿಯುವಾಗ ಕಾಲು ಅಲುಗಿರಬಹುದು. ಸೀಸರಹಿತ ಬೆಸುಗೆ ಚೆನ್ನಾಗಿದ್ದಾಗಲೂ ತುಸು ಮಂಕಾಗಿಯೇ ಕಾಣುವುದರಿಂದ ಹೊಸಬರಿಗೆ ಈ ಸುಳಿವು ದಕ್ಕುವುದಿಲ್ಲ.

ಆರೋಗ್ಯದ ವಿಷಯದಲ್ಲಿ ಸೀಸರಹಿತವೇ ಮೇಲು. ಸೀಸವು ಈ ಉಷ್ಣತೆಯಲ್ಲಿ ಆವಿಯಾಗುವುದು ತೀರಾ ಅತ್ಯಲ್ಪ. ಅಪಾಯವಿರುವುದು ಬೆರಳಿಗಂಟಿದ ಸೀಸ ಬಾಯಿಗೆ ಹೋಗುವುದರಲ್ಲಿ. ಆದ್ದರಿಂದ ಕೆಲಸದ ನಡುವೆ ಏನನ್ನೂ ತಿನ್ನದೆ, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಕಣ್ಣು, ಗಂಟಲು ಉರಿಸುವ ಹೊಗೆಯಾದರೋ, ಬೆಸೆಯುವ ಲೋಹವನ್ನು ಶುಚಿಗೊಳಿಸಲು ತಂತಿಯೊಳಗೆ ತುಂಬಿರುವ ಫ್ಲಕ್ಸ್‌ನದು. ಎರಡೂ ತಂತಿಗಳಿಗೆ ಗಾಳಿಯಾಡುವ ಜಾಗ ಬೇಕು. ಬೆಳ್ಳಿಯಿರುವುದರಿಂದ ಈ ಸೀಸರಹಿತ ತಂತಿಯ ಬೆಲೆ ಹೆಚ್ಚು.

ಸಾಧಾರಣ ಐರನ್ ಹಿಡಿದು ಒಬ್ಬರೇ ಅಭ್ಯಾಸ ಮಾಡುವ ವಯಸ್ಕರು ಸೀಸದ ತಂತಿಯಿಂದ ಆರಂಭಿಸಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಕಲಿಯುವವರೇ ಮಕ್ಕಳಾಗಿದ್ದರೆ, ಅಥವಾ ಮುಂದೆ ಸಾಧನಗಳನ್ನು ತಯಾರಿಸಿ ಮಾರುವ ಉದ್ದೇಶವಿದ್ದರೆ, ಉಷ್ಣತೆ ನಿಯಂತ್ರಿಸುವ ಸೋಲ್ಡರಿಂಗ್ ಸ್ಟೇಷನ್‌ನೊಂದಿಗೆ ಸೀಸರಹಿತ ತಂತಿಯನ್ನೇ ಕೊಳ್ಳುವುದು ಸರಿ.